ಎಪಿಐ ಹೆಬ್ಬಾಗಿಲಿಗೆ ಯಾವ ಕಾವಲು?

ಒಂದು ತಂತ್ರಾಂಶ ತನ್ನಲ್ಲಿರುವ ಮಾಹಿತಿಯನ್ನೋ ಸೌಲಭ್ಯವನ್ನೋ ಬೇರೆ ತಂತ್ರಾಂಶಗಳು ಕೇಳಿ ಪಡೆಯಲೆಂದು ತೆರೆದಿಡುವ ಬಾಗಿಲೇ ಎಪಿಐ. ಏನನ್ನು ಕೇಳಬಹುದು, ಹೇಗೆ ಕೇಳಬೇಕು, ಉತ್ತರ ಯಾವ ರೂಪದಲ್ಲಿ ಬರುತ್ತದೆ ಎನ್ನುವುದೆಲ್ಲ ಮೊದಲೇ ಗೊತ್ತುಪಡಿಸಿರುತ್ತದೆ. ಫೋನಿನ ಪಾವತಿ ಆ್ಯಪ್‌ನಲ್ಲಿ ಖಾತೆಯ ಬ್ಯಾಲೆನ್ಸ್ ನೋಡಲು ಒತ್ತಿದಾಗ ಆ್ಯಪ್‌ನಿಂದ ಒಂದು ಎಪಿಐ ಕರೆ ಹೊರಟು, ಯುಪಿಐ ಜಾಲದ ಮೂಲಕ ಬ್ಯಾಂಕಿಗೆ ಮುಟ್ಟಿ, ಉತ್ತರ ಹೊತ್ತು ಹಿಂದಿರುಗುತ್ತದೆ. ಇಂಥ ಬಾಗಿಲು ಒಂದೆರಡೇ ಇದ್ದರೆ ಅದನ್ನು ಬರೆದ ಎಂಜಿನಿಯರೇ ನೋಡಿಕೊಂಡಾರು. ಹತ್ತಾರು ತಂಡಗಳು ನೂರಾರು ಎಪಿಐಗಳನ್ನು ಬರೆಯತೊಡಗಿದಾಗ ಯಾರು ಒಳಬರಬಹುದು, ಎಷ್ಟು ಸಲ ಬರಬಹುದು, ಬಂದವರು ಏನು ಮಾಡಿದರು ಎಂಬ ಲೆಕ್ಕವೇ ಪ್ರತ್ಯೇಕ ಕೆಲಸವಾಗುತ್ತದೆ. ಆ ಕೆಲಸಕ್ಕೆಂದೇ ಇರುವ ತಂತ್ರಾಂಶ ಎಪಿಐ ನಿರ್ವಹಣಾ ವೇದಿಕೆ.

ಲೆಕ್ಕ ತಪ್ಪಿದರೆ ಏನಾಗುತ್ತದೆ ಎನ್ನುವುದನ್ನು ಭಾರತದ ಜನ 2025ರ ಏಪ್ರಿಲ್ 12ರಂದು ಕಂಡಿದ್ದಾರೆ. ಅಂದು ಯುಪಿಐ ಪಾವತಿಗಳು ದೇಶದಾದ್ಯಂತ ಗಂಟೆಗಟ್ಟಲೆ ತಡವರಿಸಿದವು. ಯುಪಿಐ ನಡೆಸುವ ಎನ್‌ಪಿಸಿಐ ಕಾರಣ ಹುಡುಕಿದಾಗ ಸಿಕ್ಕಿದ್ದು ವಿಚಾರಣೆಯ ಕರೆಗಳು. ‘ಆ ಪಾವತಿ ಏನಾಯಿತು’ ಎಂದು ಬ್ಯಾಂಕುಗಳ ಗಣಕಗಳು ಹಳೆಯ ವಹಿವಾಟುಗಳನ್ನೂ ಸೇರಿಸಿಕೊಂಡು ಮತ್ತೆ ಮತ್ತೆ ಕೇಳುತ್ತ ಜಾಲದ ಮೇಲೆ ಹೊರೆ ಹೇರಿದ್ದವು. ಆ ವರ್ಷದ ಆಗಸ್ಟ್ 1ರಿಂದ ಹೊಸ ಕಟ್ಟಳೆ ಬಂತು: ಒಂದು ಆ್ಯಪ್‌ನಲ್ಲಿ ಒಬ್ಬ ಗ್ರಾಹಕ ದಿನಕ್ಕೆ 50 ಸಲ ಮಾತ್ರ ಬ್ಯಾಲೆನ್ಸ್ ನೋಡಬಹುದು, ಫೋನ್ ನಂಬರಿಗೆ ಜೋಡಿಸಿದ ಖಾತೆಗಳ ಪಟ್ಟಿಯನ್ನು 25 ಸಲ ತರಿಸಿಕೊಳ್ಳಬಹುದು. ಅದಕ್ಕೂ ಮೊದಲು, 2021ರ ಲಸಿಕೆಯ ದಿನಗಳಲ್ಲಿ, ಕೋವಿನ್ ಜಾಲತಾಣ ತನ್ನ ಸಾರ್ವಜನಿಕ ಎಪಿಐಗೆ ಒಂದು ಐಪಿ ವಿಳಾಸದಿಂದ 5 ನಿಮಿಷಕ್ಕೆ 100 ಕರೆಗಳೆಂಬ ಮಿತಿ ಹಾಕಿತ್ತು. ಲಸಿಕೆಯ ಸ್ಲಾಟು ಹುಡುಕಲು ಹವ್ಯಾಸಿಗಳು ಬರೆದ ಸಣ್ಣಪುಟ್ಟ ಪ್ರೋಗ್ರಾಮುಗಳು ಹಗಲಿರುಳೂ ಆ ಬಾಗಿಲು ಬಡಿಯುತ್ತಿದ್ದ ಕಾಲ ಅದು. ತಂತ್ರಜ್ಞರು ‘ರೇಟ್ ಲಿಮಿಟ್’ ಎನ್ನುವುದು ಇಂಥ ಮಿತಿಗೇ. ಎಪಿಐ ನಿರ್ವಹಣೆಯಲ್ಲಿ ಜನಸಾಮಾನ್ಯರ ಕಣ್ಣಿಗೆ ಬೀಳುವ ಭಾಗ ಬಹುಶಃ ಇದೊಂದೇ.

ವೇದಿಕೆ ಎಂದು ಒಂದೇ ಹೆಸರಿನಿಂದ ಕರೆದರೂ ಅದರೊಳಗೆ ಎರಡು ಬೇರೆ ಬೇರೆ ಯಂತ್ರಗಳಿವೆ. ಮೊದಲನೆಯದು ಗೇಟ್‌ವೇ. ಪ್ರತಿಯೊಂದು ಕರೆಯೂ ಇದರ ಮೂಲಕವೇ ಹಾದುಹೋಗಬೇಕು. ಕರೆ ಬಂದೊಡನೆ ಗೇಟ್‌ವೇ ಅದರ ಗೂಢಲಿಪಿಯನ್ನು ಬಿಚ್ಚಿ, ಜೊತೆಗೆ ಬಂದ ಕೀ ಅಥವಾ ಟೋಕನ್ ಅಸಲಿಯೇ ಎಂದು ನೋಡಿ, ಆ ಗ್ರಾಹಕನ ಮಿತಿ ಮುಗಿದಿಲ್ಲವೆಂದು ಖಚಿತಪಡಿಸಿಕೊಂಡು, ಹಿಂದಿರುವ ಸರಿಯಾದ ಸರ್ವರಿಗೆ ದಾಟಿಸುತ್ತದೆ. ಉತ್ತರ ಬಂದ ಮೇಲೆ ಲಾಗ್‌ನಲ್ಲಿ ಒಂದು ಸಾಲು ಬರೆದಿಡುತ್ತದೆ. ಮಿತಿ ಮೀರಿದವರಿಗೆ 429 ಎಂಬ ಸಂಕೇತ ಹೋಗುತ್ತದೆ. ಇಷ್ಟೆಲ್ಲ ಕೆಲವೇ ಮಿಲಿಸೆಕೆಂಡುಗಳಲ್ಲಿ ಮುಗಿಯಬೇಕು. ಎರಡನೆಯದು ಕಚೇರಿಯ ಭಾಗ: ನಿಯಮಗಳನ್ನು ಬರೆಯುವ ಪುಟ, ಕೀ ಹಂಚುವ ವ್ಯವಸ್ಥೆ, ಹೊರಗಿನ ಡೆವಲಪರ್‌ಗಳು ದಾಖಲೆ ಓದಿ ನೋಂದಾಯಿಸಿಕೊಳ್ಳುವ ಪೋರ್ಟಲ್, ಬಳಕೆಯ ನಕ್ಷೆಗಳು, ಬಿಲ್ಲು. ತಂತ್ರಜ್ಞರು ಮೊದಲನೆಯದನ್ನು ಡೇಟಾ ಪ್ಲೇನ್ ಎಂದೂ ಎರಡನೆಯದನ್ನು ಕಂಟ್ರೋಲ್ ಪ್ಲೇನ್ ಎಂದೂ ಕರೆಯುತ್ತಾರೆ. ಕಚೇರಿ ಒಂದು ಗಂಟೆ ಮುಚ್ಚಿದ್ದರೂ ಲೋಕ ಮುಳುಗುವುದಿಲ್ಲ. ಗೇಟ್‌ವೇ ಒಂದು ನಿಮಿಷ ನಿಂತರೆ ಅದರ ಹಿಂದಿರುವ ಅಷ್ಟೂ ಸೇವೆಗಳು ಒಟ್ಟಿಗೇ ನಿಲ್ಲುತ್ತವೆ. ಮಾರಾಟಗಾರರ ಪ್ರದರ್ಶನಗಳಲ್ಲಿ ಮಿಂಚುವುದೆಲ್ಲ ಎರಡನೆಯ ಭಾಗವೇ. ನಡುರಾತ್ರಿ ಎಂಜಿನಿಯರನ್ನು ನಿದ್ದೆಯಿಂದ ಎಬ್ಬಿಸುವುದು ಮಾತ್ರ ಮೊದಲನೆಯದು. ಈ ಎರಡು ಭಾಗಗಳು ಎಲ್ಲಿ ಓಡುತ್ತವೆ, ಅವನ್ನು ಯಾರು ನೋಡಿಕೊಳ್ಳುತ್ತಾರೆ ಎನ್ನುವುದು ತೀರ್ಮಾನವಾದರೆ ಆಯ್ಕೆಯ ಬಹುಪಾಲು ತೀರ್ಮಾನವಾದಂತೆ.

ಈ ಉದ್ಯಮಕ್ಕೆ ಸುಮಾರು ಇಪ್ಪತ್ತು ವರ್ಷ. ಸೇಲ್ಸ್‌ಫೋರ್ಸ್ ಮತ್ತು ಇಬೇ 2000ದಲ್ಲಿ ತಮ್ಮ ಎಪಿಐಗಳನ್ನು ಹೊರಗಿನವರಿಗೆ ತೆರೆದವು. ಅದೇ ವರ್ಷ ರಾಯ್ ಫೀಲ್ಡಿಂಗ್ ತಮ್ಮ ಪಿಎಚ್.ಡಿ. ಪ್ರಬಂಧದಲ್ಲಿ ರೆಸ್ಟ್ ಎಂಬ ವಿನ್ಯಾಸವನ್ನು ವಿವರಿಸಿದರು; ಇಂದಿನ ವೆಬ್ ಎಪಿಐಗಳಲ್ಲಿ ಹೆಚ್ಚಿನವು ಆ ಹಾದಿಯವೇ. ನಿರ್ವಹಣೆಯನ್ನೇ ವ್ಯಾಪಾರವಾಗಿಸಿಕೊಂಡ ಕಂಪನಿಗಳು ಆಮೇಲೆ ಬಂದವು. 2006ರಲ್ಲಿ ಹುಟ್ಟಿದ ಮ್ಯಾಶರಿಯನ್ನು 2013ರಲ್ಲಿ ಇಂಟೆಲ್ ಕೊಂಡಿತು, 2015ರಲ್ಲಿ ಟಿಬ್ಕೋಗೆ ದಾಟಿಸಿತು. 2004ರಲ್ಲಿ ಸೊನೊವಾ ಎಂಬ ಹೆಸರಿನಲ್ಲಿ ಶುರುವಾಗಿ ಬೆಂಗಳೂರಿನಲ್ಲಿ ದೊಡ್ಡ ಎಂಜಿನಿಯರಿಂಗ್ ತಂಡ ಕಟ್ಟಿದ ಎಪಿಜಿಯನ್ನು ಗೂಗಲ್ 2016ರಲ್ಲಿ 62.5 ಕೋಟಿ ಡಾಲರಿಗೆ ಕೊಂಡುಕೊಂಡಿತು. ಬಾರ್ಸಿಲೋನಾದ 3ಸ್ಕೇಲ್ ಅದೇ ವರ್ಷ ರೆಡ್‌ಹ್ಯಾಟ್‌ನ ಪಾಲಾಯಿತು. ಮ್ಯೂಲ್‌ಸಾಫ್ಟ್ 2018ರಲ್ಲಿ ಸೇಲ್ಸ್‌ಫೋರ್ಸ್‌ನ ಮನೆ ಸೇರಿತು. ಮೈಕ್ರೋಸಾಫ್ಟ್‌ನ ಅಜೂರ್ ಎಪಿಐ ಮ್ಯಾನೇಜ್‌ಮೆಂಟ್ ಕೂಡ 2013ರಲ್ಲಿ ಕೊಂಡ ಎಪಿಫನಿ ಎಂಬ ಸಣ್ಣ ಕಂಪನಿಯಿಂದ ಬೆಳೆದದ್ದು. ಈ ಕೈಬದಲಾವಣೆಗಳನ್ನು ಬರಿಯ ವ್ಯಾಪಾರದ ಸುದ್ದಿಯೆಂದು ಬದಿಗಿಡುವಂತಿಲ್ಲ. ಗೇಟ್‌ವೇ ಒಮ್ಮೆ ಕೂತರೆ ಐದೋ ಹತ್ತೋ ವರ್ಷ ಕದಲುವುದಿಲ್ಲ, ಅಷ್ಟರಲ್ಲಿ ಅದರ ಒಡೆತನ, ದರ, ಹೆಸರು ಮೂರೂ ಬದಲಾಗಿರುವ ಸಂಭವ ಹೆಚ್ಚು.

ಹಾಗಾಗಿ ಯಾವ ವೇದಿಕೆ ಎಂಬ ಪ್ರಶ್ನೆಗೂ ಮುಂಚೆ ಬೇಕೇ ಬೇಡವೇ ಎನ್ನುವುದನ್ನು ಕೇಳಿಕೊಳ್ಳಬೇಕು. ಹತ್ತು ಜನರ ತಂಡ, ನಾಲ್ಕೈದು ಸೇವೆಗಳು, ಬಳಸುವುದು ತಮ್ಮದೇ ಮೊಬೈಲ್ ಆ್ಯಪ್ ಮಾತ್ರ ಎಂದಾದರೆ ಪೂರ್ಣ ವೇದಿಕೆ ಹೊರೆಯೇ ಸರಿ. ಎಂಜಿನ್‌ಎಕ್ಸ್‌ನಂಥ ವೆಬ್ ಸರ್ವರನ್ನು ಮುಂದೆ ನಿಲ್ಲಿಸಿ, ಟೋಕನ್ ಪರೀಕ್ಷೆಯನ್ನು ಕೋಡಿನಲ್ಲೇ ಇಟ್ಟುಕೊಂಡರೆ ಧಾರಾಳವಾಯಿತು. ಹೊರಗಿನ ಪಾಲುದಾರರು ಬಂದಾಗ ಚಿತ್ರ ಬದಲಾಗುತ್ತದೆ. ಬೆಂಗಳೂರಿನ ಮೆಟ್ರೊ ಟಿಕೆಟ್ ಒಂದು ಕಾಲಕ್ಕೆ ನಿಲ್ದಾಣದಲ್ಲಷ್ಟೇ ಸಿಗುತ್ತಿತ್ತು. 2022ರ ನವೆಂಬರಿನಿಂದ ಕ್ಯುಆರ್ ಟಿಕೆಟ್ ವಾಟ್ಸ್ಆ್ಯಪ್‌ನಲ್ಲಿ, ಬರಬರುತ್ತ ಇನ್ನಷ್ಟು ಆ್ಯಪ್‌ಗಳಲ್ಲಿ ಸಿಗತೊಡಗಿತು. ಹೀಗೆ ಒಂದೇ ಸೇವೆಯನ್ನು ಹಲವರು ಮಾರುವಾಗ ಪ್ರತಿಯೊಬ್ಬರಿಗೂ ಬೇರೆ ಕೀ, ಬೇರೆ ಮಿತಿ, ಬೇರೆ ಲೆಕ್ಕ ಬೇಕು. ಒಬ್ಬರ ಪ್ರೋಗ್ರಾಮು ಕೆಟ್ಟು ಕರೆಗಳ ಸುರಿಮಳೆಗರೆದರೆ ಉಳಿದವರಿಗೆ ತೊಂದರೆಯಾಗಬಾರದು. ವೇದಿಕೆಗೆ ಕೊಟ್ಟ ಹಣ ಸಾರ್ಥಕವಾಗುವುದು ಇಲ್ಲಿ.

ಬೇಕೆಂದಾದ ಮೇಲೆ ದಾರಿಗಳು ಮೂರು. ಒಂದು, ಕ್ಲೌಡ್ ಕಂಪನಿಯೇ ನಡೆಸಿಕೊಡುವ ಗೇಟ್‌ವೇ: ಅಮೆಜಾನಿನ ಎಪಿಐ ಗೇಟ್‌ವೇ, ಅಜೂರ್ ಎಪಿಐ ಮ್ಯಾನೇಜ್‌ಮೆಂಟ್, ಗೂಗಲ್‌ನ ಎಪಿಜಿ. ಇನ್ನೊಂದು, ಮುಕ್ತ ತಂತ್ರಾಂಶವನ್ನು ತಂದು ತಮ್ಮ ಸರ್ವರುಗಳಲ್ಲಿ ತಾವೇ ಓಡಿಸುವುದು: 2015ರಲ್ಲಿ ಮುಕ್ತವಾದ ಕಾಂಗ್, ಗೋ ಭಾಷೆಯಲ್ಲಿ ಬರೆದ ಲಂಡನ್ನಿನ ಟೈಕ್, ಅಪಾಚೆ ಪ್ರತಿಷ್ಠಾನದ ಎಪಿಸಿಕ್ಸ್, ಶ್ರೀಲಂಕಾದಲ್ಲಿ ಹುಟ್ಟಿದ ಡಬ್ಲ್ಯುಎಸ್ಒ2. ಮೂರನೆಯದು ಬೆರಕೆ ದಾರಿ. ಕಚೇರಿಯ ಭಾಗ ಮಾರಾಟಗಾರನ ಕ್ಲೌಡಿನಲ್ಲಿ, ಗೇಟ್‌ವೇ ಮಾತ್ರ ಗ್ರಾಹಕನ ಸ್ವಂತ ಸರ್ವರಿನಲ್ಲಿ. ಬ್ಯಾಂಕುಗಳೂ ಆಸ್ಪತ್ರೆಗಳೂ ಈ ಮೂರನೆಯದಕ್ಕೆ ಒಲಿಯುವುದಕ್ಕೆ ಕಾರಣವಿದೆ. ಪಾವತಿಗೆ ಸಂಬಂಧಿಸಿದ ಮಾಹಿತಿಯನ್ನು ಭಾರತದೊಳಗೇ ಸಂಗ್ರಹಿಸಿಡಬೇಕೆಂದು ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಆದೇಶಿಸಿತು. ಗೇಟ್‌ವೇ ಮುಂಬೈಯಲ್ಲೇ ಇದೆ ಎಂದು ನೆಮ್ಮದಿಯಿಂದ ಇರುವಂತಿಲ್ಲ. ಅದು ಬರೆಯುವ ಲಾಗ್‌ಗಳು, ಆ ಲಾಗ್‌ಗಳಲ್ಲಿ ಸೇರಿಹೋಗುವ ಖಾತೆ ಸಂಖ್ಯೆಗಳು ಸದ್ದಿಲ್ಲದೆ ಬೇರೆ ದೇಶದ ವಿಶ್ಲೇಷಣಾ ಸರ್ವರಿಗೆ ಹೋಗುತ್ತಿರಬಹುದು. ಅವು ಎಲ್ಲಿಗೆ ಹೋಗುತ್ತವೆ ಎನ್ನುವುದೇ ಮಾರಾಟಗಾರನಿಗೆ ಹಾಕಬೇಕಾದ ಮೊದಲ ಕಠಿಣ ಪ್ರಶ್ನೆ.

ಕ್ಲೌಡಿನ ಸಿದ್ಧ ಗೇಟ್‌ವೇಯಲ್ಲಿ ಸುಖವಿದೆ, ಜೊತೆಗೆ ಅದು ಹಾಕುವ ಗೋಡೆಗಳೂ ಇವೆ. ಅಮೆಜಾನಿನದು ವರ್ಷಗಟ್ಟಲೆ ಹಿಂದಿನ ಸರ್ವರಿನ ಉತ್ತರಕ್ಕೆ 29 ಸೆಕೆಂಡಿಗಿಂತ ಹೆಚ್ಚು ಕಾಯುತ್ತಿರಲಿಲ್ಲ; 2024ರಲ್ಲಷ್ಟೇ ಕೆಲವು ಬಗೆಯ ಎಪಿಐಗಳಿಗೆ ಈ ಅವಧಿಯನ್ನು ಹಿಗ್ಗಿಸಿಕೊಳ್ಳಲು ಅವಕಾಶ ಕೊಟ್ಟಿತು. ಒಂದು ಕರೆಯಲ್ಲಿ 10 ಎಂಬಿಗಿಂತ ದೊಡ್ಡ ಕಡತ ಹೋಗದು. ದೊಡ್ಡ ವರದಿ ತಯಾರಿಸಿ ಕೊಡುವ ಎಪಿಐಯೋ ಎಕ್ಸ್‌ರೇ ಚಿತ್ರ ಸ್ವೀಕರಿಸುವ ಎಪಿಐಯೋ ಇದ್ದ ತಂಡಕ್ಕೆ ಈ ಎರಡು ಅಂಕಿಗಳು ಹೊಳೆಯುವ ನೂರು ಸೌಲಭ್ಯಗಳಿಗಿಂತ ಮುಖ್ಯ. ಇಂಥ ಗೋಡೆಗಳ ಪಟ್ಟಿ ಎಲ್ಲ ವೇದಿಕೆಗಳ ದಾಖಲೆಗಳಲ್ಲೂ ಇರುತ್ತದೆ, ಮುಖಪುಟದಲ್ಲಿ ಇರುವುದಿಲ್ಲ ಅಷ್ಟೆ.

ದರದ ಲೆಕ್ಕವನ್ನು ಕಾಗದದ ಮೇಲೆ ಮಾಡಿ ನೋಡುವುದು ಒಳ್ಳೆಯದು. ಅಮೆಜಾನಿನ ಅಮೆರಿಕ ಪೂರ್ವ ವಲಯದ ದರಪಟ್ಟಿಯಲ್ಲಿ ರೆಸ್ಟ್ ಬಗೆಯ ಎಪಿಐಗೆ ಹತ್ತು ಲಕ್ಷ ಕರೆಗೆ 3.50 ಡಾಲರ್, ಸರಳವಾದ ಎಚ್‌ಟಿಟಿಪಿ ಬಗೆಗೆ 1 ಡಾಲರ್. ಸೆಕೆಂಡಿಗೆ ಸರಾಸರಿ 100 ಕರೆ ಬಂದರೆ 30 ದಿನಕ್ಕೆ 25 ಕೋಟಿ 92 ಲಕ್ಷ ಕರೆಗಳಾದವು. ಮೊದಲನೆಯದಕ್ಕೆ ಸುಮಾರು 907 ಡಾಲರ್, ಎರಡನೆಯದಕ್ಕೆ 259. ಅಗ್ಗದ್ದನ್ನೇ ಆರಿಸೋಣ ಎಂದುಕೊಂಡರೆ ಅದರಲ್ಲಿ ಎಪಿಐ ಕೀಗಳೂ ಇಲ್ಲ, ಗ್ರಾಹಕನಿಂದ ಗ್ರಾಹಕನಿಗೆ ಬೇರೆ ಬೇರೆ ಮಿತಿ ಇಡುವ ಸೌಲಭ್ಯವೂ ಇಲ್ಲ. ಅಂದರೆ ಪಾಲುದಾರರಿಗೆ ಎಪಿಐ ಹಂಚುವವರು ಯಾವುದಕ್ಕಾಗಿ ವೇದಿಕೆಯ ಬಳಿ ಬಂದರೋ ಅದೇ ಇಲ್ಲ. ಇನ್ನೊಂದು ದಾರಿಯಲ್ಲಿ ಕಾಂಗ್‌ನಂಥದ್ದನ್ನು ತಾವೇ ಓಡಿಸಿದರೆ ಸೆಕೆಂಡಿಗೆ 100 ಕರೆ ಒಂದು ಸಣ್ಣ ಸರ್ವರಿಗೂ ಲೆಕ್ಕಕ್ಕಿಲ್ಲ. ಆದರೆ ಅದನ್ನು ನವೀಕರಿಸುವವರು, ಗೂಢಲಿಪಿಗೆ ಬೇಕಾದ ಪ್ರಮಾಣಪತ್ರದ ಅವಧಿ ಮುಗಿಯುವ ಮೊದಲು ಬದಲಿಸುವವರು, ಭಾನುವಾರ ಕೆಟ್ಟರೆ ಎದ್ದು ಬರುವವರು ಬೇಕು. ಅಂಥ ಇಬ್ಬರು ಎಂಜಿನಿಯರುಗಳ ಸಂಬಳದ ಮುಂದೆ ತಿಂಗಳ 907 ಡಾಲರ್ ಏನೇನೂ ಅಲ್ಲ. ಕರೆಗಳು ನೂರು ಪಟ್ಟು ಹೆಚ್ಚಾದಾಗ ತಕ್ಕಡಿ ಇನ್ನೊಂದು ಬದಿಗೆ ವಾಲುತ್ತದೆ. ಮುಕ್ತ ತಂತ್ರಾಂಶವೆಂದರೆ ಬಿಟ್ಟಿ ಎಂದೂ ತಿಳಿಯಬೇಕಿಲ್ಲ. ಟೈಕ್‌ನಲ್ಲಿ ಗೇಟ್‌ವೇ ಮುಕ್ತವಾಗಿದ್ದರೂ ಅದನ್ನು ಪರದೆಯ ಮೇಲೆ ನಿಭಾಯಿಸುವ ಡ್ಯಾಶ್‌ಬೋರ್ಡಿಗೆ ಲೈಸೆನ್ಸ್ ಕೊಳ್ಳಬೇಕು. ಬೇರೆ ಕಂಪನಿಗಳಲ್ಲೂ ಡೇಟಾ ಪ್ಲೇನ್ ಉಚಿತ, ಕಂಟ್ರೋಲ್ ಪ್ಲೇನಿಗೆ ಹಣ ಎಂಬ ರೂಢಿ ಬೆಳೆದಿದೆ.

ರೇಟ್ ಲಿಮಿಟ್ ಎಲ್ಲ ವೇದಿಕೆಗಳಲ್ಲೂ ಇದೆ, ಆದ್ದರಿಂದ ಹೋಲಿಕೆಯ ಪಟ್ಟಿಗಳಲ್ಲಿ ಎಲ್ಲರಿಗೂ ಅಲ್ಲೊಂದು ಟಿಕ್ ಗುರುತು ಬೀಳುತ್ತದೆ. ಒಳಗೆ ಅದು ಹೇಗೆ ಎಣಿಸುತ್ತದೆ ಎಂದು ಯಾರೂ ವಿಚಾರಿಸುವುದಿಲ್ಲ. ಸುಲಭದ ವಿಧಾನ, ಪ್ರತಿ ನಿಮಿಷಕ್ಕೊಂದು ಎಣಿಕೆ ಇಟ್ಟು ನಿಮಿಷ ಮುಗಿದೊಡನೆ ಸೊನ್ನೆಗೆ ತರುವುದು. ಇದರಲ್ಲಿ ನಿಮಿಷಕ್ಕೆ 100ರ ಮಿತಿ ಇದ್ದವನು ಮೊದಲ ನಿಮಿಷದ ಕೊನೆಯ ಸೆಕೆಂಡಿನಲ್ಲಿ 100, ಮರುನಿಮಿಷದ ಮೊದಲ ಸೆಕೆಂಡಿನಲ್ಲಿ 100 ಕಳಿಸಿ, ಎರಡೇ ಸೆಕೆಂಡಿನಲ್ಲಿ 200 ಕರೆ ನುಗ್ಗಿಸಬಹುದು. ನಿಯಮ ಮುರಿದಂತೆಯೂ ಆಗುವುದಿಲ್ಲ. ‘ಟೋಕನ್ ಬಕೆಟ್’ ಎಂಬ ವಿಧಾನ ಇದಕ್ಕಿಂತ ಜಾಣತನದ್ದು. ಬಕೆಟ್ಟಿಗೆ ನಿಗದಿತ ವೇಗದಲ್ಲಿ ಟೋಕನ್‌ಗಳು ಬೀಳುತ್ತಿರುತ್ತವೆ, ಪ್ರತಿ ಕರೆಯೂ ಒಂದನ್ನು ಎತ್ತಿಕೊಳ್ಳುತ್ತದೆ, ಬಕೆಟ್ ಬರಿದಾದರೆ ಕರೆ ತಿರಸ್ಕೃತ. ಸಣ್ಣ ನೂಕುನುಗ್ಗಲಿಗೆ ಎಡೆಯಿರುತ್ತದೆ, ದೊಡ್ಡದಕ್ಕೆ ಇರುವುದಿಲ್ಲ. ಅಮೆಜಾನ್ ಬಳಸುವುದು ಇದನ್ನೇ.

ಇದಕ್ಕಿಂತ ಗಡುಸಾದ ತೊಡಕು, ಗೇಟ್‌ವೇ ಒಂದೇ ಇರುವುದಿಲ್ಲ ಎನ್ನುವುದು. ಹೊರೆ ಹಂಚಲು ನಾಲ್ಕು ಪ್ರತಿಗಳು ಓಡುತ್ತಿದ್ದು, ಪ್ರತಿಯೊಂದೂ ತನ್ನ ಎಣಿಕೆಯನ್ನು ತಾನೇ ಇಟ್ಟುಕೊಂಡರೆ 100ರ ಮಿತಿ 400 ಆಗಿಬಿಡುತ್ತದೆ. ನಾಲ್ಕೂ ಸೇರಿ ರೆಡಿಸ್‌ನಂಥ ಒಂದು ಸಾಮಾನ್ಯ ಗೋದಾಮಿನಲ್ಲಿ ಎಣಿಕೆ ಇಟ್ಟರೆ ಲೆಕ್ಕ ಸರಿಯಾಗುತ್ತದೆ, ಆದರೆ ಪ್ರತಿ ಕರೆಗೂ ಅಲ್ಲಿಗೊಮ್ಮೆ ಹೋಗಿಬರುವ ತಡ ಸೇರುತ್ತದೆ. ಮೇಲಾಗಿ ರೆಡಿಸ್ ಕೆಟ್ಟರೆ ಎಲ್ಲರನ್ನೂ ಬಿಡಬೇಕೋ ಎಲ್ಲರನ್ನೂ ತಡೆಯಬೇಕೋ ಎಂಬ ಪ್ರಶ್ನೆ ಏಳುತ್ತದೆ. ಕಾಂಗ್‌ನಲ್ಲಿ ಎಣಿಕೆಯನ್ನು ಎಲ್ಲಿಡಬೇಕೆಂದು ಬಳಸುವವರೇ ಆರಿಸಬೇಕು. ಹವಾಮಾನದ ಮಾಹಿತಿ ಹಂಚುವವರಿಗೆ ಅಂದಾಜು ಎಣಿಕೆ ಸಾಕು. ಕರೆಗೆ ಇಷ್ಟು ರೂಪಾಯಿ ಎಂದು ಬಿಲ್ಲು ಮಾಡುವವರಿಗೆ ಸಾಲದು.

ಭಾಷಾ ಮಾದರಿಗಳು ಬಂದ ಮೇಲೆ ಕರೆಗಳನ್ನು ಎಣಿಸುವುದೇ ಅರ್ಥ ಕಳೆದುಕೊಳ್ಳತೊಡಗಿದೆ. ಎಐ ಮಾದರಿಗೆ ಹೋಗುವ ಒಂದು ಕರೆಯಲ್ಲಿ ಹತ್ತು ಪದ ಇರಬಹುದು, ಇಡೀ ಪುಸ್ತಕವೇ ಇರಬಹುದು. ಹಣ ಖರ್ಚಾಗುವುದು ಪಠ್ಯದ ತುಣುಕುಗಳ ಲೆಕ್ಕದಲ್ಲಿ. ಆ ತುಣುಕುಗಳನ್ನೇ ಎಣಿಸಿ ಮಿತಿ ಹಾಕುವ ನಿಯಮಗಳನ್ನು ಅಜೂರ್, ಕಾಂಗ್ ಮುಂತಾದವು ಈಚಿನ ವರ್ಷಗಳಲ್ಲಿ ಸೇರಿಸಿವೆ. ಅಂಥ ಕೆಲಸವೇ ಮುಖ್ಯವಾಗಿರುವ ತಂಡ ಹಳೆಯ ಹೋಲಿಕೆ ಪಟ್ಟಿಗಳನ್ನು ನಂಬದಿರುವುದು ಲೇಸು.

ಭದ್ರತೆಯ ವಿಷಯದಲ್ಲಿ ವೇದಿಕೆಗಳು ಕೊಡುವ ಭರವಸೆ ಯಾವಾಗಲೂ ಒಂದು ತೂಕ ಹೆಚ್ಚು. ಓವಾಸ್ಪ್ ಎಂಬ ಲಾಭರಹಿತ ಸಂಸ್ಥೆ 2019ರಲ್ಲೂ 2023ರಲ್ಲೂ ಪ್ರಕಟಿಸಿದ ಎಪಿಐ ಅಪಾಯಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಒಂದೇ ದೋಷಕ್ಕೆ: ಲಾಗಿನ್ ಆದ ಗ್ರಾಹಕ ವಿಳಾಸದಲ್ಲಿರುವ ಸಂಖ್ಯೆಯನ್ನು 1001ರಿಂದ 1002 ಎಂದು ಬದಲಿಸಿದರೆ ಇನ್ನೊಬ್ಬನ ದಾಖಲೆ ತೆರೆದುಕೊಳ್ಳುವುದು. ಗೇಟ್‌ವೇ ನೋಡುವುದು ಟೋಕನ್ ಅಸಲಿಯೇ ಎಂದು. ಆ ದಾಖಲೆ ಯಾರದು ಎನ್ನುವುದು ಹಿಂದಿರುವ ಸೇವೆಗಷ್ಟೇ ಗೊತ್ತು. ಆದ್ದರಿಂದ ಈ ದೋಷವನ್ನು ಕೋಡಿನಲ್ಲೇ ತಡೆಯಬೇಕು, ಎಷ್ಟು ದುಬಾರಿ ವೇದಿಕೆ ಕೊಂಡರೂ ಇದು ಹೋಗುವುದಿಲ್ಲ.

ವೇದಿಕೆ ನಿಜವಾಗಿ ನೆರವಾಗುವುದು ಮರೆತುಹೋದ ಬಾಗಿಲುಗಳನ್ನು ಹುಡುಕಿಕೊಡುವಲ್ಲಿ. ಆಸ್ಟ್ರೇಲಿಯಾದ ಆಪ್ಟಸ್ ದೂರವಾಣಿ ಕಂಪನಿಯಿಂದ 2022ರ ಸೆಪ್ಟೆಂಬರಿನಲ್ಲಿ ಸುಮಾರು 95 ಲಕ್ಷ ಗ್ರಾಹಕರ ಮಾಹಿತಿ ಸೋರಿಹೋಯಿತು. ಅಲ್ಲಿನ ಸಂವಹನ ನಿಯಂತ್ರಣ ಪ್ರಾಧಿಕಾರ ನ್ಯಾಯಾಲಯದಲ್ಲಿ ಮುಂದಿಟ್ಟ ಆರೋಪದ ಪ್ರಕಾರ, 2018ರಲ್ಲಿ ನುಸುಳಿದ ಕೋಡಿಂಗ್ ತಪ್ಪೊಂದು ಎಪಿಐಯ ಪ್ರವೇಶ ನಿಯಂತ್ರಣವನ್ನು ಸಡಿಲಗೊಳಿಸಿತ್ತು. 2021ರಲ್ಲಿ ಮುಖ್ಯ ತಾಣದಲ್ಲಿ ಅದನ್ನು ಸರಿಪಡಿಸಲಾಯಿತು. ಬಳಕೆಯಿಲ್ಲದೆ ಬಿದ್ದಿದ್ದ, ಆದರೂ ಇಂಟರ್‌ನೆಟ್ಟಿಗೆ ತೆರೆದೇ ಇದ್ದ ಇನ್ನೊಂದು ವಿಳಾಸದಲ್ಲಿ ಹಾಗೇ ಉಳಿಯಿತು. ತಮ್ಮಲ್ಲಿ ಎಷ್ಟು ಎಪಿಐಗಳಿವೆ ಎಂದು ಕೇಳಿದರೆ ನಿಖರವಾಗಿ ಉತ್ತರಿಸುವ ದೊಡ್ಡ ಸಂಸ್ಥೆಗಳು ವಿರಳ. ಎಲ್ಲ ಎಪಿಐಗಳ ಪಟ್ಟಿ, ಪ್ರತಿಯೊಂದಕ್ಕೂ ಹೊಣೆಗಾರ ತಂಡದ ಹೆಸರು, ಕೊನೆಯ ಸಲ ಕರೆ ಬಂದ ದಿನಾಂಕ ಇಷ್ಟನ್ನು ವೇದಿಕೆ ತಾನಾಗಿ ಇಟ್ಟುಕೊಂಡರೆ ಅದು ಬೇರೆ ಹತ್ತು ಭದ್ರತಾ ಸೌಲಭ್ಯಗಳಿಗೆ ಸಮ.

ಇನ್ನು ನಿತ್ಯ ಕೆಲಸ ಮಾಡುವ ಡೆವಲಪರ್‌ಗಳ ಕಡೆಯಿಂದ ನೋಡಿದರೆ ಮುಖ್ಯವಾಗುವುದು ವಿವರಣೆಯ ಕಡತ. ಎಪಿಐ ಏನು ಮಾಡುತ್ತದೆ ಎಂದು ಯಂತ್ರಕ್ಕೂ ಮನುಷ್ಯರಿಗೂ ಅರ್ಥವಾಗುವಂತೆ ಬರೆದಿಡುವ ಮಾದರಿಯೊಂದು ಸ್ವಾಗರ್ ಎಂಬ ಹೆಸರಿನಲ್ಲಿ ಶುರುವಾಗಿ, 2015ರಲ್ಲಿ ಲಿನಕ್ಸ್ ಪ್ರತಿಷ್ಠಾನದ ಆಶ್ರಯಕ್ಕೆ ಬಂದು ಓಪನ್‌ಎಪಿಐ ಆಯಿತು. ಬೆಂಗಳೂರಿನಲ್ಲಿ ಹುಟ್ಟಿ ಜಗತ್ತಿನ ಡೆವಲಪರ್‌ಗಳ ಕೈಗೆ ಸೇರಿದ ಪೋಸ್ಟ್‌ಮನ್ ಸೇರಿದಂತೆ ಬಹುತೇಕ ಸಲಕರಣೆಗಳು ಅದನ್ನು ಓದಬಲ್ಲವು. ವೇದಿಕೆಯೂ ಅದೇ ಕಡತದಿಂದ ದಾರಿಗಳನ್ನು ಕಟ್ಟಿಕೊಳ್ಳುವಂತಿರಬೇಕು. ಪರದೆಯ ಮೇಲೆ ಮೌಸ್ ಒತ್ತಿ ಒತ್ತಿ ಹಾಕಿದ ನಿಯಮಗಳು ಯಾರು, ಯಾವಾಗ, ಏಕೆ ಹಾಕಿದರು ಎಂಬ ಕುರುಹನ್ನು ಬಿಡುವುದಿಲ್ಲ. ಕೋಡಿನಂತೆ, ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ಇಟ್ಟ ನಿಯಮಗಳನ್ನು ಸಹೋದ್ಯೋಗಿಗಳು ಪರಿಶೀಲಿಸಬಹುದು, ತಪ್ಪಾದರೆ ಹಿಂದಕ್ಕೆ ಸರಿಯಬಹುದು.

ಬಿಟ್ಟು ಹೊರಬರುವ ಕಷ್ಟವೂ ಇದೇ ನಿಯಮಗಳಲ್ಲಿ ಅಡಗಿದೆ. ದಾರಿಗಳ ಪಟ್ಟಿಯನ್ನು ಒಂದು ವೇದಿಕೆಯಿಂದ ಇನ್ನೊಂದಕ್ಕೆ ಸಾಗಿಸುವುದು ಒಂದೆರಡು ವಾರದ ಮಾತು. ಅಜೂರಿನ ನಿಯಮಗಳು ಎಕ್ಸ್‌ಎಂಎಲ್‌ನಲ್ಲಿ, ನಡುನಡುವೆ ಸಿ-ಶಾರ್ಪ್ ತುಣುಕುಗಳೊಂದಿಗೆ ಇರುತ್ತವೆ. ಎಪಿಜಿಯದೂ ಎಕ್ಸ್‌ಎಂಎಲ್, ಆದರೆ ಬೇರೆಯದೇ ವ್ಯಾಕರಣ. ಕಾಂಗ್‌ನ ಪ್ಲಗಿನ್‌ಗಳು ಬಹುಮಟ್ಟಿಗೆ ಲುವಾ ಭಾಷೆಯವು. ಗೇಟ್‌ವೇಯಲ್ಲಿ ರಿಯಾಯಿತಿ ಲೆಕ್ಕ ಹಾಕುವುದು, ಗ್ರಾಹಕನ ವರ್ಗ ನೋಡಿ ಉತ್ತರ ತಿದ್ದುವುದು ಎಂದೆಲ್ಲ ವ್ಯವಹಾರದ ತರ್ಕವನ್ನು ತುರುಕಿದ ತಂಡ ಅಲ್ಲೇ ಸಿಕ್ಕಿಬೀಳುತ್ತದೆ. ಗೇಟ್‌ವೇಗೆ ಗುರುತು, ಮಿತಿ, ದಾರಿ, ಲಾಗ್ ಈ ನಾಲ್ಕನ್ನಷ್ಟೇ ಒಪ್ಪಿಸಿದವರು ಹಗುರಾಗಿ ಎದ್ದು ಬರಬಲ್ಲರು. ಸೇವೆಗಳನ್ನು ಹಲವು ಸರ್ವರುಗಳಲ್ಲಿ ಹಂಚಿ ಓಡಿಸುವ ಕುಬರ್ನೆಟೀಸ್ ತಂತ್ರಾಂಶ ಬಳಸುವವರಿಗೆ 2023ರ ಅಕ್ಟೋಬರಿನಲ್ಲಿ 1.0 ಆವೃತ್ತಿ ತಲುಪಿದ ‘ಗೇಟ್‌ವೇ ಎಪಿಐ’ ಎಂಬ ಸಾಮಾನ್ಯ ಮಾನದಂಡ ದಾರಿಗಳ ಮಟ್ಟಿಗೆ ಒಂದಿಷ್ಟು ಬಿಡುಗಡೆ ತಂದಿದೆ.

ಕೊಳ್ಳುವ ಮುನ್ನ ಪರೀಕ್ಷೆಗೆ ಮಾರಾಟಗಾರನ ಮಾದರಿ ಎಪಿಐ ಬೇಡ, ತಂಡದ್ದೇ ಒಂದು ನಿಜವಾದ ಎಪಿಐ ಬೇಕು. ಅದಕ್ಕೆ ನಿಜವಾದ ಹೊರೆ ಕೊಟ್ಟು, ಸರಾಸರಿ ತಡವನ್ನು ಬಿಟ್ಟು ನೂರರಲ್ಲಿ ಅತಿ ನಿಧಾನದ ಒಂದು ಕರೆ ಎಷ್ಟು ಕಾಯಿತು ಎಂದು ಅಳೆಯಬೇಕು; ಒಂದು ಪರದೆ ತೆರೆಯಲು ಐದು ಒಳಕರೆಗಳು ಗೇಟ್‌ವೇ ಹಾಯುವುದಾದರೆ ಆ ತಡ ಎದುರಾಗುವ ಸಂಭವ ಸುಮಾರು ಐದು ಪಟ್ಟಾದೀತು. ಕಂಟ್ರೋಲ್ ಪ್ಲೇನಿನ ಸಂಪರ್ಕವನ್ನು ಬೇಕೆಂದೇ ಕಡಿದು ಗೇಟ್‌ವೇ ಹಳೆಯ ನಿಯಮಗಳೊಂದಿಗೆ ಓಡುತ್ತಲೇ ಇರುತ್ತದೆಯೇ, ಆ ಹೊತ್ತಿನಲ್ಲಿ ಹೊಸ ಪ್ರತಿಯೊಂದನ್ನು ಎಬ್ಬಿಸಿದರೆ ಅದಕ್ಕೆ ನಿಯಮಗಳು ಸಿಗುತ್ತವೆಯೇ ಎಂದು ನೋಡಬೇಕು. ಸೋರಿಹೋದ ಕೀಯೊಂದನ್ನು ರದ್ದು ಮಾಡಿದ ಎಷ್ಟು ಸೆಕೆಂಡಿಗೆ ಅದು ನಿಜವಾಗಿ ಸಾಯುತ್ತದೆ ಎನ್ನುವುದೂ ಗೊತ್ತಿರಬೇಕು, ಏಕೆಂದರೆ ಗೇಟ್‌ವೇಗಳು ವೇಗಕ್ಕಾಗಿ ಹಳೆಯ ಉತ್ತರವನ್ನು ನೆನಪಿಟ್ಟುಕೊಂಡಿರುತ್ತವೆ. ತಂಡಕ್ಕೆ ಹೊಸದಾಗಿ ಸೇರಿದವರೊಬ್ಬರು ಯಾರ ಸಹಾಯವೂ ಇಲ್ಲದೆ ಪೋರ್ಟಲ್ ಓದಿ ಮೊದಲ ಕರೆ ಕಳಿಸಲು ಎಷ್ಟು ಹೊತ್ತು ತೆಗೆದುಕೊಂಡರು ಎನ್ನುವುದು ಇನ್ನೊಂದು ಒಳ್ಳೆಯ ಅಳತೆ. ಕೊನೆಯದಾಗಿ, ಹಾಕಿದ ನಿಯಮಗಳನ್ನೂ ಕೀಗಳನ್ನೂ ಗ್ರಾಹಕರ ಪಟ್ಟಿಯನ್ನೂ ವೇದಿಕೆಯಿಂದ ಕಡತಗಳಾಗಿ ಹೊರತೆಗೆಯಲು ಯತ್ನಿಸಬೇಕು. ಕೀಗಳು ಹೊರಬಾರದಿದ್ದರೆ ವೇದಿಕೆ ಬದಲಿಸುವ ದಿನ ಪ್ರತಿಯೊಬ್ಬ ಪಾಲುದಾರನಿಗೂ ಹೊಸ ಕೀ ಕೊಟ್ಟು, ಅವರ ಆ್ಯಪ್‌ಗಳನ್ನೂ ಬದಲಿಸಲು ಹೇಳಬೇಕಾಗುತ್ತದೆ. ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಆ ಖರ್ಚನ್ನು ದರಪಟ್ಟಿಯ ಪಕ್ಕದಲ್ಲಿ ಬರೆದುಕೊಳ್ಳುವುದು ಕ್ಷೇಮ.